ಸುಂಕೇನಹಳ್ಳಿ: ಹೊಲ ಹೋಗಿ ಪರಿಷೆ ಉಳಿದ ಊರು

ಅಪೆಕ್ಸ್ ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿನ ಚಾಮರಾಜಪೇಟೆಗೆ ಹೋಗಿಬರುವವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರು ಹತ್ತಿರವೇ ಇರುವ ಬಸವನಗುಡಿಗೂ ಹೋಗಿ ದೊಡ್ಡ ಬಸವಣ್ಣನಿಗೆ ಕೈಮುಗಿದು ಬರುವುದುಂಟು. ಆ ಗುಡ್ಡದ ಸುತ್ತ ಒಂದು ಕಾಲಕ್ಕೆ ನಮ್ಮ ಊರುಗಳಂತೆಯೇ ಬೇಸಾಯದಿಂದ ಬದುಕುತ್ತಿದ್ದ ಹಳ್ಳಿಗಳಿದ್ದವೆಂಬುದು ಮಾತ್ರ ಬಹುಮಂದಿಯ ಗಮನಕ್ಕೆ ಬಂದಿರಲಾರದು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿ ಇವೇ ಮೊದಲಾದುವು ಆ ಹಳ್ಳಿಗಳು. ಇವುಗಳ ಪೈಕಿ ಬಸವಣ್ಣನ ನೆಲೆಯಾದ ಸುಂಕೇನಹಳ್ಳಿಯನ್ನು ಈ ಸಂಚಿಕೆಯಲ್ಲಿ ಪರಿಚಯ ಮಾಡಿಕೊಡುತ್ತಿದ್ದೇವೆ. ಬೇಸಾಯದ ಊರೊಂದು ಹೇಗೆ ನಿಲ್ಲುತ್ತದೆ, ಹೇಗೆ ಇಲ್ಲವಾಗುತ್ತದೆ, ಇಲ್ಲವಾದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ನೆಲ ಮತ್ತು ಬೆಳೆ

ಬೆಂಗಳೂರಿನ ಸುತ್ತಣ ಭೂಮಿ ಮರಳುಮಿಶ್ರಿತ ಕೆಂಪು ಮಣ್ಣಿನದು. ಕಹಳೆ ಬಂಡೆಯಂತಹ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಕಲ್ಲು ಸವೆದು ಆದ ಮಣ್ಣು ಇದು. ಇಲ್ಲಿನ ಹಳ್ಳಿಗಳ ಮುಖ್ಯ ಬೆಳೆ ರಾಗಿ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಮತ್ತು ತರಕಾರಿ ತೋಟ. ಇವುಗಳ ಜೊತೆಗೆ ಬಂದದ್ದು ಕಡಲೆಕಾಯಿ.

ಕಡಲೆಕಾಯಿಯ ಸ್ವಭಾವ ವಿಚಿತ್ರವಾದುದು. ಹೂವು ನೆಲದ ಮೇಲೆ ಬಿಡುತ್ತದೆ. ಅನಂತರ ಸೂಜಿಯಂತಹ ಕುಡಿ ಮಣ್ಣಿನೊಳಕ್ಕೆ ಇಳಿದು ಅಲ್ಲಿ ಕಾಯಿ ಕಟ್ಟುತ್ತದೆ. ಆದುದರಿಂದ ಮಣ್ಣು ಸಡಿಲವಾಗಿರಬೇಕು, ನೀರು ನಿಲ್ಲಬಾರದು. ಗುಡ್ಡದ ಇಳಿಜಾರಿನ ಕೆಂಪು ಹೊಲ ಇದಕ್ಕೆ ಹೇಳಿ ಮಾಡಿಸಿದಂಥದು. ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುವ ದ್ವಿದಳ ಜಾತಿಯಾದ್ದರಿಂದ ಮುಂದಿನ ರಾಗಿಗೂ ಅನುಕೂಲ. ಎಣ್ಣೆ ತೆಗೆದುಳಿದ ಹಿಂಡಿಯಲ್ಲಿ ಶೇಕಡಾ 7ರಷ್ಟು ಸಾರಜನಕವಿರುವುದು ನಮ್ಮ ತೋಟಗಾರರಿಗೆ ತಿಳಿದ ವಿಷಯವೇ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಸುಮಾರು ನಾಲ್ಕು ತಿಂಗಳಿಗೆ ಕೀಳಲು ಬರುತ್ತದೆ. ಕಿತ್ತು, ಬಿಡಿಸಿ, ಒಣಗಿಸುವ ಹೊತ್ತಿಗೆ ಕಾರ್ತಿಕ ಮಾಸ.

ಬಸವಣ್ಣನ ಕಥೆ

ಈ ಕಾರ್ತಿಕದ ಕಡೆಯ ಸೋಮವಾರ ನಡೆಯುವುದೇ ಪ್ರಸಿದ್ಧವಾದ ಕಡಲೆಕಾಯಿ ಪರಿಷೆ. ಬಸವವೊಂದು ರಾತ್ರಿ ಬಂದು ರೈತರ ಕಡಲೆಕಾಯಿ ಹೊಲವನ್ನು ಮೇಯುತ್ತಿತ್ತು, ಹೊಡೆಯಲು ಹೋದಾಗ ಕಲ್ಲಾಗಿ ನಿಂತಿತು, ರೈತರು ತಪ್ಪೊಪ್ಪಿಕೊಂಡು ಮೊದಲ ಫಸಲನ್ನು ಅರ್ಪಿಸುವುದಾಗಿ ಹರಕೆ ಹೊತ್ತರು ಎಂಬುದು ಕಥೆ. ಒಂದೇ ಕಲ್ಲಿನಲ್ಲಿ ಕಡೆದ ಈ ಬಸವಣ್ಣನ ಎತ್ತರ ಸುಮಾರು 15 ಅಡಿ, ಉದ್ದ 20 ಅಡಿ. ಗುಡಿಯನ್ನು 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರ ಕಾಲದ್ದೆಂದು ಹೇಳುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅದು ನಮ್ಮ ದೇಶಕ್ಕೆ ಬಂದಿತಾದರೂ ದಕ್ಷಿಣ ಭಾರತದ ಹೊಲಗಳಲ್ಲಿ ವ್ಯಾಪಕವಾಗಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಎಂದಮೇಲೆ ಗುಡಿ ಹಳೆಯದು, ಕಥೆ ಈಚಿನದು ಎನ್ನಬೇಕಾಗುತ್ತದೆ. ಹೊರಗಿನಿಂದ ಬಂದ ಬೆಳೆಯನ್ನು ರೈತರು ತಮ್ಮ ದೇವರಿಗೆ ಒಪ್ಪಿಸಿ ತಮ್ಮದಾಗಿಸಿಕೊಂಡರು. ಅರಬರ ನಾಡಿನ ಏಳು ಬೀಜಗಳನ್ನು ಬಾಬಾ ಬುಡನ್‌ರ ಹೆಸರಿನಲ್ಲಿ ನಮ್ಮದಾಗಿಸಿಕೊಂಡಿರುವ ನಾವು ಇದನ್ನು ಅರಿಯಬಲ್ಲೆವು.

ನೀರು

ಬಸವಣ್ಣನ ಪಾದದಲ್ಲಿ ವೃಷಭಾವತಿ ನದಿ ಹುಟ್ಟುತ್ತದೆಂದು ಅಲ್ಲಿನ ಶಾಸನ ಹೇಳುತ್ತದೆ. ಗುಡ್ಡದ ಪಶ್ಚಿಮಕ್ಕೆ ಗವಿಪುರದ ಬಳಿ ಕೆಂಪೇಗೌಡರು ಕಟ್ಟಿಸಿದ ಕೆಂಪಾಂಬುಧಿ ಕೆರೆ. ಕಟ್ಟೆ, ತೂಬು, ಕೋಡಿ, ಅಚ್ಚುಕಟ್ಟು, ಸರದಿಯಂತೆ ನೀರು ಬಿಡುವ ನೀರುಗಂಟಿ, ಇದು ಬಯಲುಸೀಮೆಯ ಕೆರೆಗಳ ಹಳೆಯ ವ್ಯವಸ್ಥೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ. ಹೀಗೆ ಒಂದು ಊರಿನ ಉಳಿಕೆ ಇನ್ನೊಂದು ಊರಿನ ಬಾಳಿಕೆಯಾಗಿತ್ತು.

1898ರ ನಂತರ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲವಾದ ರಸ್ತೆ, ಗಾಳಿ ಬೆಳಕುಳ್ಳ ನಿವೇಶನ, ಹಿತ್ತಲು. ಅನೇಕ ಜೀವಗಳನ್ನು ಉಳಿಸಿದ ಕೆಲಸವದು, ಸಂದೇಹವಿಲ್ಲ. ಆದರೆ ನಿವೇಶನಗಳಾದದ್ದು ಬರಿಯ ಬಯಲಲ್ಲ, ಹಳ್ಳಿಗಳ ನೆಲ. ಮಲ್ಲೇಶ್ವರದ ಕಥೆಯೂ ಇದೇ. ಅಲ್ಲಿನ ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಏಕೋಜಿಯ 1669ರ ಶಾಸನ ಕಾಡು ಮಲ್ಲೇಶ್ವರ ಗುಡಿಯಲ್ಲಿದೆ. ದೇವರನ್ನು ಸಾಕಲು ಹಳ್ಳಿ ಬಿಟ್ಟಿದ್ದರು. ದೇವರು ಉಳಿದರು, ಹಳ್ಳಿ ಹೋಯಿತು.

ಇಂದು ಸುಂಕೇನಹಳ್ಳಿಯ ಹೆಸರು ನಗರದ ವಾರ್ಡಿನದು. ಮಾವಳ್ಳಿಯ ಹೆಸರನ್ನು ಎಂ.ಟಿ.ಆರ್. ಹೋಟೆಲು ತನ್ನ ಮೊದಲ ಅಕ್ಷರದಲ್ಲಿ ಉಳಿಸಿಕೊಂಡಿದೆ. ಪರಿಷೆಯೇನೋ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಹಸಿ, ಒಣಗಿದ, ಹುರಿದ, ಬೇಯಿಸಿದ ಕಾಯಿಯ ರಾಶಿಗಳು ರಸ್ತೆಯುದ್ದಕ್ಕೂ. ಅಳತೆ ಇಂದಿಗೂ ಸೇರಿನಲ್ಲಿಯೇ. ಆದರೆ ಕಾಯಿ ಬರುವುದು ಮಾಗಡಿ, ಚಿಂತಾಮಣಿ, ಶ್ರೀನಿವಾಸಪುರ, ತುಮಕೂರು, ಆಂಧ್ರ ಮತ್ತು ತಮಿಳುನಾಡುಗಳಿಂದ. ಬಸವಣ್ಣ ಮೇಯ್ದ ಹೊಲದಲ್ಲಿ ಒಂದು ಬೊಗಸೆ ಕಾಯಿಯೂ ಬೆಳೆಯುವುದಿಲ್ಲ.

ಕೆಳಗಿನ ಊರಿನವರ ಪಾಡು

ಹೊಲ ಹೋದದ್ದಕ್ಕೆ ಮರುಗಬಹುದು. ಅದನ್ನು ನಗರ ಬೆಳೆಯುವಾಗ ತೆರುವ ಬೆಲೆಯೆಂದು ಒಪ್ಪಲೂಬಹುದು. ನೀರಿನ ವಿಷಯ ಹಾಗಲ್ಲ. ಹಿಂದಿನ ಶತಮಾನದಲ್ಲಿ ಕೆಂಪಾಂಬುಧಿಗೆ ಚರಂಡಿ ಸೇರಿತು. ವೃಷಭಾವತಿ ನಗರದ ಕೊಳೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊರುವ ಮೋರಿಯಾಯಿತು. ಆ ನೀರು ಬಿಡದಿಯ ಬಳಿ ಭೈರಮಂಗಲ ಜಲಾಶಯಕ್ಕೆ ಇಳಿದು, ಮುಂದೆ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಭೈರಮಂಗಲದ ಕೆಳಗಿನ ರೈತರಲ್ಲಿ ಅನೇಕರು ಭತ್ತ ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ಇಳಿದಿದ್ದಾರೆ. ಮೇಲಿನ ಊರು ಬೇಸಾಯ ಬಿಟ್ಟಿತು, ಕೆಳಗಿನ ಊರು ಬಿಡಲಾರದೆ ಆ ನೀರಿನಲ್ಲೇ ಬೇಸಾಯ ಮಾಡುತ್ತಿದೆ.

ಇಂಡೋನೇಷಿಯಾದ ಬಾಲಿ ದ್ವೀಪದಲ್ಲಿ ಭತ್ತದ ರೈತರು ಸುಬಕ್ ಎಂಬ ನೀರಿನ ಸಂಘಗಳನ್ನು ನೂರಾರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಕಾಲುವೆಯ ಕವಲುಗಳಲ್ಲಿ ಗುಡಿಗಳಿವೆ. ನಾಟಿ ಯಾವಾಗ, ನೀರು ಯಾರಿಗೆ ಎಷ್ಟು ಎಂಬುದನ್ನು ಮೇಲಿನವರೂ ಕೆಳಗಿನವರೂ ಅಲ್ಲಿ ಒಟ್ಟಿಗೆ ಕುಳಿತು ತೀರ್ಮಾನಿಸುತ್ತಾರೆ. ಯುನೆಸ್ಕೋ 2012ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೋಟೆಲು ಬಂಗಲೆಗಳಿಗಾಗಿ ಅಲ್ಲಿಯೂ ಗದ್ದೆಗಳು ಕರಗುತ್ತಿವೆ. ಆದರೂ ದೇವರು, ನೀರು, ಬೆಳೆ ಮೂರೂ ಅಲ್ಲಿ ಇನ್ನೂ ಒಂದೇ ಲೆಕ್ಕದಲ್ಲಿವೆ. ಬಸವನಗುಡಿಯಲ್ಲಿ ದೇವರು ಒಂದು ಕಡೆ, ನೀರು ಒಂದು ಕಡೆ, ಬೆಳೆ ಮತ್ತೊಂದು ಕಡೆ.

ನಮಗೆ ಸಂಬಂಧಪಟ್ಟ ಮಾತು

ಸದಸ್ಯರು ಗಮನಿಸಬೇಕಾದುದಿಷ್ಟು. ಮಲೆನಾಡಿನ ಹಳ್ಳ ತೊರೆಗಳ ಲೆಕ್ಕದಲ್ಲಿ ನಾವು ಮೇಲಿನ ಊರಿನವರು. ಬಸವಣ್ಣನಿಗೆ ಪರಿಷೆ ಕೂಡುವ ದಿನಗಳಲ್ಲಿಯೇ ನಮ್ಮಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು, ಅಡಿಕೆ ಸುಲಿತ. ಪಲ್ಪರಿನ ನೀರನ್ನು ಹಾಗೆಯೇ ಹಳ್ಳಕ್ಕೆ ಹರಿಯಬಿಟ್ಟರೆ ಅದು ಹುಳಿತು, ನೀರಿನಲ್ಲಿರುವ ಆಮ್ಲಜನಕವನ್ನು ಹೀರಿ ಮೀನು ಸಾಯುತ್ತದೆ, ದನಕ್ಕೂ ಜನಕ್ಕೂ ಉಪಯೋಗಕ್ಕೆ ಬಾರದಾಗುತ್ತದೆ. ಅಡಿಕೆ ಸಿಪ್ಪೆಯನ್ನು ತೊರೆಯ ದಂಡೆಗೆ ಸುರಿಯುವುದೂ ಇಂಥದೇ. ಪಲ್ಪಿಂಗಿಗೆ ಬಳಸಿದ ನೀರನ್ನು ಮತ್ತೆ ಬಳಸಿದರೆ ಹೊರಬೀಳುವ ನೀರೇ ಕಡಿಮೆಯಾಗುತ್ತದೆ. ಉಳಿದುದನ್ನು ಗುಂಡಿಗೆ ಹಾಯಿಸಿ, ಸುಣ್ಣ ಬೆರೆಸಿ, ತಂಗಲು ಬಿಡಬೇಕು. ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆಗಳನ್ನು ಸಗಣಿಯೊಡನೆ ಕೊಳೆಸಿದರೆ ಗೊಬ್ಬರ.

ತೋಟವನ್ನು ತುಂಡು ಮಾಡಿ ನಿವೇಶನಕ್ಕೋ ವಸತಿಗೃಹಕ್ಕೋ ಕೊಡುವ ಯೋಚನೆಯಲ್ಲಿರುವವರು ಹಳ್ಳದ ಅಂಚನ್ನಾದರೂ ಮಾರಾಟದಿಂದ ಹೊರಗಿಡಲಿ. ಭೂಮಿಯ ಒಡೆತನ ಪತ್ರದಲ್ಲಿ ಬರೆದಷ್ಟಕ್ಕೆ ನಿಲ್ಲುತ್ತದೆ. ನೀರಿನ ಒಡೆತನ ನಮ್ಮ ಬೇಲಿಯನ್ನು ದಾಟಿ ಕೆಳಗಿನ ಊರಿನವರೆಗೂ ಇದೆ. ಈ ಸಲದ ಕೊಯ್ಲು ಆರಂಭವಾಗುವ ಮುನ್ನ ಸದಸ್ಯರು ತಮ್ಮ ತಮ್ಮ ಪಲ್ಪರ್ ಮನೆಯ ಗುಂಡಿಗಳ ಹೂಳು ತೆಗೆಸಿ ಸಿದ್ಧಮಾಡಿಕೊಳ್ಳಬೇಕಾಗಿ ವಿನಂತಿ.