ಪರದೆ ಇಲ್ಲದ ಕ್ಯಾಮೆರಾ ಹಿಡಿದು ಆಲೆಮನೆಗೆ

ಅದರ ಬೆನ್ನು ಬರಿದು. ಕಣ್ಣಿಡಲು ಒಂದು ಕಿಂಡಿ, ಎಷ್ಟು ಚಿತ್ರ ತೆಗೆದಾಯಿತೆಂದು ತೋರಿಸುವ ಪುಟ್ಟ ಅಂಕಿ, ಮೇಲೊಂದು ಗುಂಡಿ, ಅಷ್ಟೆ. ತೆಗೆದ ಫೋಟೊ ಹೇಗೆ ಬಂದಿದೆಯೆಂದು ನೋಡಲು ಪರದೆಯೇ ಇಲ್ಲ. ಕ್ಯಾಂಪ್ ಸ್ನ್ಯಾಪ್ ಎಂಬ ಈ ಡಿಜಿಟಲ್ ಕ್ಯಾಮೆರಾ 2023ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಬೇಸಿಗೆ ಶಿಬಿರಕ್ಕೆ ಮೊಬೈಲ್ ಒಯ್ಯುವಂತಿಲ್ಲದ ಮಕ್ಕಳಿಗಾಗಿ ಮಾಡಿದ್ದು. ಬೆಲೆ ಸುಮಾರು 70 ಡಾಲರ್ ಇತ್ತು. 8 ಮೆಗಾಪಿಕ್ಸೆಲ್, ಒಳಗಿನ ಕಾರ್ಡಿನಲ್ಲಿ ನೂರಾರು ಚಿತ್ರ ಹಿಡಿಸುತ್ತವೆ. ಅಲ್ಲಿರುವ ಅಣ್ಣನ ಮಗಳು ಊರಿಗೆ ಬಂದಾಗ ಒಂದನ್ನು ನನ್ನ ಕೈಗಿಟ್ಟಳು. ಪಾಂಡವಪುರದಲ್ಲಿ ಮದುವೆ ಫೋಟೊ ತೆಗೆದೇ ಸಂಸಾರ ನಡೆಸಿದವನು ನಾನು. ಈಗಲೂ ಕೆಲಸಕ್ಕೆ ಹೊರಟರೆ ದೊಡ್ಡ ಕ್ಯಾಮೆರಾ. ನನ್ನ ಪಾಡಿಗೆ ಹೊರಟರೆ ಇದು.

ರೀಲ್ ಕ್ಯಾಮೆರಾ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಧಾರೆ ಹೊತ್ತಿಗೆ ರೀಲು ಮುಗಿಯದಂತೆ ಲೆಕ್ಕ ಇಟ್ಟುಕೊಳ್ಳಬೇಕು. ಮದುವೆ ಮುಗಿದ ಮೇಲೆ ರೀಲು ತೊಳೆಸಲು ಮೈಸೂರಿಗೆ ಹೋಗಬೇಕು. ಆಗ ಕಲಿತ ಒಂದು ಸಂಗತಿ ಇಂದಿಗೂ ನನ್ನ ಕಸುಬಿನ ಜೀವ. ‘ಹಾಂ, ಆಯ್ತು’ ಎಂದ ತಕ್ಷಣ ಜನ ಬಿಗಿಹಿಡಿದಿದ್ದ ಉಸಿರು ಬಿಡುತ್ತಾರೆ. ಮದುಮಗಳು ಅಮ್ಮನ ಕಡೆ ತಿರುಗುತ್ತಾಳೆ, ಧಾರೆ ಎರೆದ ತಂದೆ ಶಲ್ಯದ ಅಂಚಿನಿಂದ ಕಣ್ಣೊತ್ತಿಕೊಳ್ಳುತ್ತಾನೆ. ಮನುಷ್ಯರ ನಿಜವಾದ ಮುಖ ಕಾಣುವುದು ಕ್ಲಿಕ್ ಆದ ಮರುಗಳಿಗೆಯಲ್ಲಿ. ಪರದೆ ಬಂದ ಮೇಲೆ ಫೋಟೊಗ್ರಾಫರ ತಲೆತಗ್ಗಿಸುವುದೂ ಸರಿಯಾಗಿ ಅದೇ ಗಳಿಗೆಯಲ್ಲಿ. ಪರದೆ ಇಲ್ಲದ ಕ್ಯಾಮೆರಾದ ಸೆಳೆತ ಏನೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಆ ಮರುಗಳಿಗೆ ಮತ್ತೆ ನಮ್ಮದಾಗುತ್ತದೆ.

ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೇ ಪರದೆ ಇಲ್ಲದೆ. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಯಂತ್ರ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ನೋಡಬೇಕೆಂದರೆ ಟಿವಿಗೆ ಜೋಡಿಸಬೇಕಿತ್ತು. 1994ರ ಆ್ಯಪಲ್ ಕ್ವಿಕ್‌ಟೇಕ್ 100ರಲ್ಲೂ ಚಿತ್ರ ನೋಡುವ ಪರದೆ ಇರಲಿಲ್ಲ. ಮರುವರ್ಷ ಕ್ಯಾಸಿಯೊ ಕ್ಯೂವಿ-10 ಬೆನ್ನಿಗೆ ಪರದೆ ಹೊತ್ತು ಬಂತು, ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಜರ್ಮನಿಯ ಲೈಕಾ ಕಂಪನಿ 2014ರಲ್ಲಿ ಪರದೆ ತೆಗೆದುಹಾಕಿದ 600 ಕ್ಯಾಮೆರಾಗಳನ್ನು ಮಾಡಿತು. 2016ರ ಎಂ-ಡಿ ಮಾದರಿಯಲ್ಲಿ ಪರದೆಯ ಜಾಗದಲ್ಲಿ ಐಎಸ್‌ಒ ತಿರುಗಿಸುವ ಬಿಲ್ಲೆ ಕೂತಿತು. 2024ರ ಎಂ11-ಡಿ ಕೂಡ ಅದೇ ಸಾಲಿನದು. ಅವು ಲಕ್ಷಗಟ್ಟಲೆ ಬೆಲೆಯವು. ನನ್ನದು ಮಕ್ಕಳ ಕ್ಯಾಮೆರಾ. ಆದರೂ ಎರಡೂ ಬಯಸುವುದು ಒಂದನ್ನೇ: ತೆಗೆಯುವ ಹೊತ್ತಿನಲ್ಲಿ ತೆಗೆಯುವುದು, ನೋಡುವ ಹೊತ್ತಿನಲ್ಲಿ ನೋಡುವುದು.

ಪಾಂಡವಪುರದ ಹತ್ತಿರದ ಒಂದು ಆಲೆಮನೆಗೆ ಇದನ್ನು ಒಯ್ದಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವಾಗ ಆವಿ ಮುಸುಕುತ್ತದೆ, ಸೂರಿನ ಸಂದಿಯ ಬಿಸಿಲು ಅದರೊಳಗೆ ಕೋಲುಕೋಲಾಗಿ ಇಳಿಯುತ್ತದೆ. ಅಚ್ಚಿನಿಂದ ಬೆಲ್ಲ ಬಿಡಿಸುತ್ತಿದ್ದ ಹೆಂಗಸೊಬ್ಬರ ಚಿತ್ರ ತೆಗೆದೆ.

‘ಎಂಗ್ ಬಂದದೆ, ತೋರ್ಸಣ್ಣ.’

‘ಇದ್ರಲ್ಲಿ ಕಾಣಾಕಿಲ್ಲ ಕಣವ್ವ. ಫೋಟೊನೇ ತಂದ್ಕೊಡ್ತೀನಿ.’

‘ಹಂಗಾರೆ ಇನ್ನೊಂದ್ಸಲ ಬತ್ತೀಯ ಅನ್ನು.’

ಪ್ರಿಂಟ್ ಹಾಕಿಸಿಕೊಂಡು ಹೋದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಫೋಟೊ ಹಿಡಿದವರು ತಮ್ಮ ಮುಖ ನೋಡಲೇ ಇಲ್ಲ. ‘ನನ್ ಮಗ ಹಿಂದ್ಗಡೆ ನಿಂತವ್ನೆ’ ಎಂದರು. ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುತ್ತಿದ್ದ ಹುಡುಗ ಚಿತ್ರದೊಳಗೆ ಬಂದದ್ದು ನನಗೂ ಗೊತ್ತಿರಲಿಲ್ಲ. ಪರದೆಯಲ್ಲೇ ತೋರಿಸಿ ಬಂದಿದ್ದರೆ ಆ ಎರಡನೆಯ ಭೇಟಿ ನಡೆಯುತ್ತಿರಲಿಲ್ಲ. ಹಳ್ಳಿಯಲ್ಲಿ ಫೋಟೊ ಎಂದರೆ ಕೊಟ್ಟ ಮಾತು. ಅದನ್ನು ತಲುಪಿಸಲು ಮತ್ತೆ ಹೋಗಲೇಬೇಕು. ಈ ಹೋಗಿಬರುವಿಕೆ ನನಗೆ ಬಹಳ ಬೇಕು.

ಕೆ.ಆರ್. ಪೇಟೆಯ ಶಾಲೆಯೊಂದರ ಮಕ್ಕಳನ್ನು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಕರೆದುಕೊಂಡು ಹೋದಾಗಲೂ ಇದೇ ಕ್ಯಾಮೆರಾ. 13ನೇ ಶತಮಾನದ ಹೊಯ್ಸಳ ತ್ರಿಕೂಟ ಅದು. ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ರಾಮಾಯಣ–ಮಹಾಭಾರತದ ಕಥೆ, ಮಕರ, ಹಂಸ ಸಾಲುಸಾಲಾಗಿ ಸುತ್ತುವರಿದಿವೆ. ಒಬ್ಬೊಬ್ಬರಿಗೆ ಒಂದೇ ಚಿತ್ರ ಎಂದೆ. ಮೊಬೈಲ್ ಕೊಟ್ಟಿದ್ದರೆ ಮೊದಲ ಮೂಲೆಯಲ್ಲೇ ಎಲ್ಲ ಮುಗಿಯುತ್ತಿತ್ತು. ಈಗ ಜಗತಿಯ ಮೇಲೆ ಪೂರ್ತಿ ಸುತ್ತು ಹಾಕಿದರು, ಯಾವುದನ್ನು ಆರಿಸಲಿ ಎಂದು ಜಗಳವಾಡಿದರು. ಒಬ್ಬ ಹುಡುಗಿ ಕಪಿಗಳ ಸಾಲಿನ ಮುಂದೆ ನಿಂತು ‘ಸಾರ್, ಬಿಸ್ಲು ಇಲ್ಲಿಗೆ ಬರೋವರ್ಗೂ ಕಾಯ್ಲಾ?’ ಎಂದಳು. ಬಳಪದ ಕಲ್ಲಿನ ಕೆತ್ತನೆ ಎದ್ದು ಕಾಣುವುದು ಓರೆಬಿಸಿಲಿನಲ್ಲಿ ಎಂಬುದನ್ನು ಅವಳಿಗೆ ನಾನು ಹೇಳಿರಲಿಲ್ಲ. ಗೋಡೆ ನೋಡಿಯೇ ಕಂಡುಕೊಂಡಿದ್ದಳು.

ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವವರನ್ನು ನೋಡಿದವರಿಗೆ, ಮಾಡಿದ್ದು ಹೇಗೆ ಬಂದಿದೆಯೆಂದು ಕಾಣಲು ಹೀಗೆ ಕಾಯುವುದು ಹೊಸದಲ್ಲ. ಮೇಣ ಕರಗಿಹೋದ ಮಣ್ಣಿನ ಅಚ್ಚಿಗೆ ಲೋಹ ಸುರಿದ ಮೇಲೆ, ಅಚ್ಚು ಒಡೆಯುವ ತನಕ ಒಳಗೆ ಮೂಗು, ಬೆರಳು ಹೇಗೆ ಮೂಡಿವೆಯೋ ಅವರೂ ಕಾಣರು. ಅದಕ್ಕೇ ಮೇಣದ ಕೆಲಸದಲ್ಲೇ ಅಷ್ಟು ಎಚ್ಚರ.

ಈ ಕ್ಯಾಮೆರಾದ ಮಿತಿಗಳನ್ನೂ ಹೇಳಬೇಕು. ನನ್ನದರಲ್ಲಿ ಫೋಕಸ್ ಬದಲಿಸಲಾಗದು, ಜೂಮ್ ಇಲ್ಲ. ಗುಡಿಯ ಒಳಗಿನ ನವರಂಗದ ಕತ್ತಲಲ್ಲಿ ಚಿತ್ರ ಮಸುಕು. ನೋಡುವ ಕಿಂಡಿಗೂ ಲೆನ್ಸಿಗೂ ನಡುವೆ ಅಂತರವಿರುವುದರಿಂದ ತೀರಾ ಹತ್ತಿರದವರನ್ನು ತೆಗೆದರೆ ಕಿಂಡಿಯಲ್ಲಿ ಕಂಡದ್ದು ಬೇರೆ, ಚಿತ್ರದಲ್ಲಿ ಬಂದದ್ದು ಬೇರೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹಗಲು ಹೊತ್ತು ಹರಿಗೋಲಿನವರನ್ನು ಚೆನ್ನಾಗಿ ಹಿಡಿಯುತ್ತದೆ. ರಂಗನತಿಟ್ಟಿಗೆ ಮಾತ್ರ ಒಯ್ಯಬೇಡಿ, ಕೊಕ್ಕರೆಗಳು ಚುಕ್ಕಿಗಳಾಗುತ್ತವೆ. ಮದುವೆ ಕೆಲಸಕ್ಕಂತೂ ನಾನು ಇದನ್ನು ನೆಚ್ಚುವುದಿಲ್ಲ. ಧಾರೆ ಎರಡನೆಯ ಸಲ ನಡೆಯುವುದಿಲ್ಲ.

ಇಂಥದ್ದನ್ನು ಕೊಳ್ಳಲೇಬೇಕೆಂದೂ ಇಲ್ಲ. ಮನೆಯಲ್ಲಿರುವ ಡಿಜಿಟಲ್ ಕ್ಯಾಮೆರಾದ ಮೆನುವಿನಲ್ಲಿ ‘ಇಮೇಜ್ ರಿವ್ಯೂ’ ಎಂಬುದು ಸಾಮಾನ್ಯವಾಗಿ ಇರುತ್ತದೆ, ಅದನ್ನು ಆಫ್ ಮಾಡಿ. ಮಡಚುವ ಪರದೆಯಾದರೆ ಒಳಮುಖವಾಗಿ ತಿರುಗಿಸಿ, ಕಿಂಡಿಯಿಂದ ನೋಡಿ ತೆಗೆಯಿರಿ. ಕಿಂಡಿಯೇ ಇಲ್ಲದ ಕ್ಯಾಮೆರಾವಾದರೆ ಈ ಉಪಾಯ ನಡೆಯದು. ಒಂದು ಜಾತ್ರೆಗೋ ಸೋದರಮಾವನ ಮನೆಗೋ ಹಾಗೇ ಹೋಗಿಬನ್ನಿ. ಬಂದ ಮೇಲೆ ನಾಲ್ಕು ಫೋಟೊ ಆರಿಸಿ, ಪ್ರಿಂಟ್ ಹಾಕಿಸಿ, ಚಿತ್ರದಲ್ಲಿರುವವರಿಗೆ ನೀವೇ ಹೋಗಿ ಕೊಡಿ.