ಮೋರೆಗೆ ಎರಗುವ ಹೇಂಟೆ

ರೂಢಿಯನ್ನೋ ಎಲ್ಲರೂ ಒಪ್ಪಿಕೊಂಡ ತಿಳಿವಳಿಕೆಯನ್ನೋ ನೇರವಾಗಿ ಎದುರುಹಾಕಿಕೊಳ್ಳುವುದನ್ನು ಹೇಳಲು ಇಂಗ್ಲಿಷಿನಲ್ಲಿ ಬಳಕೆಯಾಗುವ ‘ಫ್ಲೈ ಇನ್ ದ ಫೇಸ್ ಆಫ್’ ಎಂಬ ನುಡಿಗಟ್ಟು ಸಂಪಾದಕೀಯಗಳಲ್ಲಿ, ವಾದ-ಪ್ರತಿವಾದಗಳಲ್ಲಿ, ವಿಜ್ಞಾನದ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನುಡಿಗಟ್ಟು ಎಂದರೆ ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ದೊರೆಯದ, ಇಡಿಯಾಗಿಯೇ ಗ್ರಹಿಸಬೇಕಾದ ಪದಗಳ ಕಟ್ಟು. ಹೀಗಾಗಿ ಇದನ್ನು ‘ಮುಖದಲ್ಲಿ ಹಾರು’ ಎಂದು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಓದುಗನಿಗೆ ಏನೂ ಹೊಳೆಯುವುದಿಲ್ಲ.

ಮರಿಗಳ ಹತ್ತಿರ ಸುಳಿದ ನಾಯಿಯ ಮೋರೆಗೆ ಹೇಂಟೆಯೊಂದು ರೆಕ್ಕೆ ಬಡಿಯುತ್ತ ಎರಗುವ ಚಿತ್ರ ಈ ಮಾತಿನ ಹಿಂದಿದೆ ಎಂದು ವಿವರಿಸುವ ವಾಡಿಕೆಯುಂಟು. 16ನೇ ಶತಮಾನದಷ್ಟು ಹಳೆಯದಾದ ಈ ಬಳಕೆಯಲ್ಲಿ ಮೊದಲು ಎರಗುತ್ತಿದ್ದುದು ಜೀವವುಳ್ಳದ್ದೇ ಆಗಿತ್ತು. ಕ್ರಮೇಣ ಆ ಜಾಗಕ್ಕೆ ಜೀವವಿಲ್ಲದ ಸಂಗತಿಗಳೂ ಬಂದು, ಒಂದು ತೀರ್ಮಾನ, ಒಂದು ಹೇಳಿಕೆ, ಒಂದು ಪ್ರಯೋಗದ ಫಲಿತಾಂಶ ಕೂಡ ಯಾವುದಾದರೊಂದರ ‘ಮೋರೆಗೆ ಎರಗಬಹುದು’ ಎಂಬಂತಾಯಿತು. ಕನ್ನಡ ಪತ್ರಿಕೆಗಳಿಗೆ ಪ್ರಿಯವಾದ ‘ಸೆಡ್ಡು ಹೊಡೆ’ ಎಂಬುದು ಇದಕ್ಕೆ ಬಹಳ ಹತ್ತಿರದ ಮಾತೇ ಆದರೂ, ಅದು ಕುಸ್ತಿಯ ಅಖಾಡದಿಂದ ಬಂದದ್ದಾದ್ದರಿಂದ ಎದುರಾಳಿಯನ್ನು ಬೇಕೆಂದೇ ಕೆಣಕುವ ಒಬ್ಬ ಜಟ್ಟಿಯನ್ನು ಬಯಸುತ್ತದೆ. ಇಂಗ್ಲಿಷಿನ ಮಾತಿಗೆ ಆ ಉದ್ದೇಶ ಬೇಕಾಗಿಲ್ಲ; ಯಾರನ್ನೂ ಕೆಣಕುವ ಇರಾದೆಯಿಲ್ಲದ ಒಂದು ಅಂಕಿಅಂಶವೂ ಲೋಕದ ನಂಬಿಕೆಗೆ ಹಾಗೆ ಎದುರು ನಿಲ್ಲಬಲ್ಲದು.

ಬಳಸುವವರು ಗಮನಿಸಬೇಕಾದ ವ್ಯಾಕರಣ ಹೆಚ್ಚೇನಿಲ್ಲ. ಕಾಲಕ್ಕೆ ತಕ್ಕಂತೆ ಕ್ರಿಯಾಪದ ಮಾತ್ರ ‘ಫ್ಲೈಸ್’, ‘ಫ್ಲೂ’, ‘ಫ್ಲೋನ್’ ಎಂದು ಬದಲಾಗುತ್ತದೆ; ಎದುರಿಗಿರುವವರು ಎಷ್ಟೇ ಮಂದಿಯಾದರೂ ‘ಫೇಸ್’ ಬಹುವಚನವಾಗುವುದಿಲ್ಲ. ಕ್ರಿಯಾಪದವನ್ನು ತೆಗೆದು ‘ಇನ್ ದ ಫೇಸ್ ಆಫ್’ ಎಂದಷ್ಟೇ ಬರೆದರೆ ಅರ್ಥವೇ ತಿರುಗಿ, ಕಷ್ಟವೋ ಅಪಾಯವೋ ಎದುರಿಗಿದ್ದಾಗ ಎಂದಾಗುತ್ತದೆ. ‘ಅಗೇನ್ಸ್ಟ್ ದ ಗ್ರೇನ್’ ಎಂಬ ಸೋದರ ನುಡಿಗಟ್ಟಿನಲ್ಲಿ ತಪ್ಪುವುದು ಇನ್ನೂ ಸುಲಭ: ಅಲ್ಲಿನ ‘ಗ್ರೇನ್’ ಕಾಳಲ್ಲ, ಮರದೊಳಗಿನ ನಾರಿನ ಓಟ. ಆ ಓಟಕ್ಕೆ ಎದುರಾಗಿ ಉಜ್ಜುಗೊರಡು ಹಿಡಿದ ಬಡಗಿಗೆ ಹಲಗೆ ಸಿಬಿರೆದ್ದು ಕೈಕೊಡುವಂತೆ, ಮನಸ್ಸು ಒಗ್ಗದ ಕೆಲಸವನ್ನು ಮಾಡಬೇಕಾಗಿ ಬಂದಾಗ ಆ ಮಾತು ಹೆಚ್ಚಾಗಿ ಬಳಕೆಯಾಗುತ್ತದೆ; ಷೇಕ್ಸ್‌ಪಿಯರನ ‘ಕೊರಿಯೊಲೇನಸ್’ ನಾಟಕದಲ್ಲೇ ಅದು ಬಂದಿದೆ.

ಹೇಂಟೆ ಯಾರ ಮೋರೆಗೆ ಎರಗಿತು ಎಂಬುದು ಮಾತ್ರ ಸಣ್ಣ ಪ್ರಶ್ನೆಯಲ್ಲ, ಏಕೆಂದರೆ ನುಡಿಗಟ್ಟು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ತೀರ್ಮಾನಿಸುವುದು ಅದರ ಕೊನೆಗೆ ಬಂದು ಸೇರುವ ಪದವೇ. ಅಲ್ಲಿ ‘ಸಾಕ್ಷ್ಯ’, ‘ತರ್ಕ’, ‘ವಿವೇಕ’ ಎಂಬ ಪದಗಳು ಬಂದರೆ ಅದು ಖಂಡನೆ. ‘ಸಂಪ್ರದಾಯ’ ಎಂದು ಬಂದರೆ ಹಲವು ಸಲ ಮೆಚ್ಚುಗೆ. ಎರಡರ ನಡುವೆ ತೂಗಾಡುವ ಪದ ‘ಕನ್ವೆನ್ಷನಲ್ ವಿಸ್ಡಂ’, ಅಂದರೆ ಪ್ರಚಲಿತ ತಿಳಿವಳಿಕೆ. 1961ರಿಂದ 1963ರವರೆಗೆ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್, 1958ರಲ್ಲಿ ಪ್ರಕಟವಾದ ‘ದಿ ಅಫ್ಲುಯೆಂಟ್ ಸೊಸೈಟಿ’ ಎಂಬ ಕೃತಿಯಲ್ಲಿ ಈ ಪದವನ್ನು ಪ್ರಸಿದ್ಧಗೊಳಿಸಿದಾಗ ಅದರಲ್ಲೊಂದು ಕುಟುಕಿತ್ತು: ಸತ್ಯವೆಂಬುದಕ್ಕಿಂತ ಹೆಚ್ಚಾಗಿ ಹಿತವಾಗಿವೆ, ಪರಿಚಿತವಾಗಿವೆ ಎಂಬ ಕಾರಣಕ್ಕೆ ಜನ ಅಪ್ಪಿಕೊಂಡ ವಿಚಾರಗಳಿಗೆ ಅವರು ಆ ಹೆಸರನ್ನಿಟ್ಟಿದ್ದರು.

ಅಂಥ ಹಿತವಾದ ವಿಚಾರಗಳಲ್ಲೊಂದು ಜಠರದ ಹುಣ್ಣಿಗೆ ಸಂಬಂಧಿಸಿದ್ದು. ಚಿಂತೆ, ಖಾರದ ಊಟ ಮತ್ತು ಹೊಟ್ಟೆಯಲ್ಲಿನ ಹೆಚ್ಚುವರಿ ಆಮ್ಲ ಅದಕ್ಕೆ ಕಾರಣವೆಂದೂ, ಅಷ್ಟು ತೀಕ್ಷ್ಣವಾದ ಆಮ್ಲದಲ್ಲಿ ಬ್ಯಾಕ್ಟೀರಿಯಾ ನೆಲೆಸುವುದು ಅಸಾಧ್ಯವೆಂದೂ ವೈದ್ಯಲೋಕ ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದ ಒಳಪೊರೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಕಂಡು, ಹುಣ್ಣಿನ ಮೂಲ ಅದೇ ಎಂದು ವಾದಿಸಿದರು. ಮಾತನ್ನು ನಂಬುವವರು ಕಡಿಮೆಯಾದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತಕ್ಕೆ ತುತ್ತಾದರು. ಇಂದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಕರೆಯಲಾಗುವ ಆ ಜೀವಿಯ ಶೋಧಕ್ಕಾಗಿ ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅಂದು ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವೆಂದವರು ‘ಪ್ರಚಲಿತ ತಿಳಿವಳಿಕೆ’ಯ ಮೋರೆಗೆ ಎರಗಿದ್ದರು, ಇಂದು ಚಿಂತೆ ಮತ್ತು ಖಾರವೇ ಅದರ ಮೂಲವೆಂದು ಯಾರಾದರೂ ಹಟ ಹಿಡಿದರೆ ‘ಸಾಕ್ಷ್ಯ’ದ ಮೋರೆಗೆ ಎರಗಿದವರು ಅವರಾಗುತ್ತಾರೆ. ಆದ್ದರಿಂದ ಈ ನುಡಿಗಟ್ಟನ್ನು ಬರೆಯುವವರು ‘ಆಫ್’ ಎಂಬಲ್ಲಿ ಒಂದು ಗಳಿಗೆ ಲೇಖನಿ ತಡೆದು, ಮುಂದೆ ಬರಲಿರುವ ಪದ ಬರಿಯ ರೂಢಿಯೋ ಒರೆಗೆ ಹಚ್ಚಿದ ಸಾಕ್ಷ್ಯವೋ ಎಂದು ನೋಡಿಕೊಳ್ಳುವುದು ಮೇಲು.