ಒಂದು ಯೂನಿಟ್ ರಕ್ತ ಮತ್ತು ಊರಿನ ಸೇವಾಸಂಸ್ಥೆ



ಆಗುಂಬೆ ಘಾಟಿ ಇಳಿದು ಬರುವ ಒಂದು ಆಂಬುಲೆನ್ಸನ್ನು ಕಲ್ಪಿಸಿಕೊಳ್ಳಿ. ಅದು ಹೆಬ್ರಿಯನ್ನು ಹಾದು, ಪರ್ಕಳದ ಪೇಟೆ ದಾಟಿ ಮಣಿಪಾಲ ಸೇರುತ್ತದೆ. ಒಳಗೆ ತೀರ್ಥಹಳ್ಳಿ ಕಡೆಯ ಒಬ್ಬ ಬಾಣಂತಿ ಮಲಗಿದ್ದಾಳೆ. ಜೊತೆಗೆ ಇರುವವರು ಗಂಡ ಮತ್ತು ವಯಸ್ಸಾದ ತಾಯಿ. ವೈದ್ಯರು ಪರೀಕ್ಷಿಸಿ, ಕೂಡಲೇ ಮೂರು ಯೂನಿಟ್ ರಕ್ತ ಬೇಕು ಎನ್ನುತ್ತಾರೆ. ರಾತ್ರಿ ಹನ್ನೊಂದು ಗಂಟೆ. ಊರು ಘಾಟಿಯ ಆಚೆ. ಇಲ್ಲಿ ಪರಿಚಯದವರು ಯಾರೂ ಇಲ್ಲ. ಆ ರಕ್ತ ಎಲ್ಲಿಂದ ಬರಬೇಕು?

ನೀವು ಉಡುಪಿ, ಮಣಿಪಾಲ, ಪರ್ಕಳ, ಕಾಪು ಅಥವಾ ಕಾರ್ಕಳದವರಾಗಿದ್ದರೆ ಈ ಪ್ರಶ್ನೆ ನಿಮ್ಮದೂ ಹೌದು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿನ ಆಸ್ಪತ್ರೆಗೆ ಉಡುಪಿ ಜಿಲ್ಲೆಯವರಷ್ಟೇ ಅಲ್ಲ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ರೋಗಿಗಳೂ ಬರುತ್ತಾರೆ. ದೊಡ್ಡ ಆಸ್ಪತ್ರೆಯ ಪಕ್ಕದಲ್ಲಿ ಇರುವುದು ನಮಗೊಂದು ಅನುಕೂಲ. ಆದರೆ ಅನುಕೂಲದ ಜೊತೆಗೆ ಒಂದು ಹೊಣೆಯೂ ಬರುತ್ತದೆ.

ರಕ್ತವನ್ನು ಏಕೆ ಕೊಳ್ಳಲಾಗದು?

ವಿಜ್ಞಾನ ಎಷ್ಟೇ ಮುಂದುವರಿದಿದ್ದರೂ ರೋಗಿಗೆ ಬೇಕಾದ ರಕ್ತವನ್ನು ಕಾರ್ಖಾನೆಯಲ್ಲಿ ತಯಾರಿಸುವುದು ಸಾಧ್ಯವಾಗಿಲ್ಲ. ಅದನ್ನು ಮನುಷ್ಯನೇ ಮನುಷ್ಯನಿಗೆ ಕೊಡಬೇಕು. ಹಿಂದೆ ನಮ್ಮ ದೇಶದಲ್ಲಿ ಹಣಕ್ಕಾಗಿ ರಕ್ತ ಮಾರುವವರಿದ್ದರು. ಬಡತನದಿಂದ ಪದೇ ಪದೇ ರಕ್ತ ಕೊಡುವವರು ತಮ್ಮ ಕಾಯಿಲೆಗಳನ್ನು ಮುಚ್ಚಿಡುತ್ತಿದ್ದರು; ಕೊಟ್ಟವರಿಗೂ ಪಡೆದವರಿಗೂ ಅದು ಅಪಾಯವಾಗಿತ್ತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ, 1998ರ ಜನವರಿ 1ರಿಂದ ರಕ್ತ ಮಾರುವ ಪದ್ಧತಿ ನಿಷೇಧಕ್ಕೆ ಒಳಗಾಯಿತು. ಈಗ ರಕ್ತಕ್ಕೆ ಬೆಲೆಯಿಲ್ಲ. ಅದರ ಪರೀಕ್ಷೆ ಮತ್ತು ಸಂಸ್ಕರಣೆಗೆ ಮಾತ್ರ ಶುಲ್ಕವಿದೆ.

ಇನ್ನೊಂದು ಮುಖ್ಯ ವಿಷಯ: ರಕ್ತವನ್ನು ಬಹಳ ಕಾಲ ಕೂಡಿಡಲಾಗದು. ಕೆಂಪು ರಕ್ತಕಣಗಳು ಶೀತಲ ಪೆಟ್ಟಿಗೆಯಲ್ಲಿ 35ರಿಂದ 42 ದಿನ ಉಳಿಯುತ್ತವೆ. ಪ್ಲೇಟ್‌ಲೆಟ್‌ಗಳ ಆಯುಷ್ಯ ಕೇವಲ 5 ದಿನ. ಅಂದರೆ ವರ್ಷಕ್ಕೊಮ್ಮೆ ನಡೆಯುವ ಭಾರೀ ಶಿಬಿರವೊಂದರಿಂದ ವರ್ಷದ ಅಗತ್ಯ ತೀರುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಆದರೆ ತಪ್ಪದೆ ಬರುತ್ತಿರಬೇಕು.

ಈ ಮಾತು ಉಡುಪಿಗೆ ಹೊಸದಲ್ಲ. 1925ರಲ್ಲಿ ಇಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆ ಬಾಗಿಲಿಗೇ ಬ್ಯಾಂಕಿನ ಪ್ರತಿನಿಧಿ ಹೋಗುತ್ತಿದ್ದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಅಂಗಡಿಕಾರರ ಬಾಯಲ್ಲಿ ಉಳಿದಿದೆ. ರಕ್ತನಿಧಿಯೂ ಪಿಗ್ಮಿಯ ಲೆಕ್ಕದಲ್ಲೇ ನಡೆಯಬೇಕು. ಹಾಗಾದರೆ ಮನೆ ಮನೆಗೆ ಹೋಗಿ ಕೇಳುವವರು ಯಾರು? ಇಲ್ಲಿಗೆ ಬರುತ್ತದೆ ಊರಿನ ಸೇವಾಸಂಸ್ಥೆಯ ಕೆಲಸ.

ಸೇವಾಸಂಸ್ಥೆ ಎಂದರೇನು?

ಲಯನ್ಸ್, ರೋಟರಿ ಮುಂತಾದ ಹೆಸರುಗಳನ್ನು ನೀವು ಬಸ್ ನಿಲ್ದಾಣದ ಬೋರ್ಡುಗಳ ಮೇಲೆ ಓದಿದ್ದೀರಿ. ರೋಟರಿ 1905ರಲ್ಲಿ, ಲಯನ್ಸ್ 1917ರಲ್ಲಿ, ಎರಡೂ ಅಮೆರಿಕದ ಷಿಕಾಗೋ ನಗರದಲ್ಲಿ ಪ್ರಾರಂಭವಾದವು. ಭಾರತಕ್ಕೆ ರೋಟರಿ 1920ರಲ್ಲಿ ಕಲ್ಕತ್ತೆಯ ಮೂಲಕ, ಲಯನ್ಸ್ 1956ರಲ್ಲಿ ಮುಂಬಯಿಯ ಮೂಲಕ ಬಂದವು. ಭಾರತೀಯ ರೆಡ್‌ಕ್ರಾಸ್ ಸಂಸ್ಥೆ 1920ರಲ್ಲಿ ಕಾಯಿದೆಯ ಮೂಲಕ ಸ್ಥಾಪಿತವಾಯಿತು. ಇವುಗಳ ಜೊತೆಗೆ ನಮ್ಮ ಕರಾವಳಿಯಲ್ಲಿ ಯುವಕ ಮಂಡಲ, ಮಹಿಳಾ ಮಂಡಲಗಳೂ ಇವೆ.

ಇವುಗಳ ಊರಿನ ಘಟಕದಲ್ಲಿ ಇರುವವರು ಶಿಕ್ಷಕರು, ವ್ಯಾಪಾರಿಗಳು, ಬ್ಯಾಂಕ್ ನೌಕರರು, ವೈದ್ಯರು, ಅಂದರೆ ನೀವು ದಿನವೂ ನೋಡುವ ಜನ. ಲಯನ್ಸ್‌ನಲ್ಲಿ ಒಂದು ಒಳ್ಳೆಯ ನಿಯಮವಿದೆ. ಸಾರ್ವಜನಿಕರಿಂದ ಸಂಗ್ರಹಿಸಿದ ಹಣ ಒಂದು ಖಾತೆ. ಸಂಸ್ಥೆಯ ಆಡಳಿತದ ಖರ್ಚು ಇನ್ನೊಂದು ಖಾತೆ. ಸದಸ್ಯರ ಊಟೋಪಚಾರಕ್ಕೆ ಸದಸ್ಯರ ವಂತಿಗೆಯೇ ಆಗಬೇಕು, ಊರವರ ದೇಣಿಗೆ ಮುಟ್ಟಬಾರದು.

ಶಿಬಿರದ ದಿನ

ಒಂದು ಭಾನುವಾರ ಶಾಲೆಯ ಸಭಾಂಗಣದಲ್ಲಿ ರಕ್ತದಾನ ಶಿಬಿರ ನಡೆಯುತ್ತದೆ ಎನ್ನಿ. ರಕ್ತ ತೆಗೆಯುವುದು ರಕ್ತನಿಧಿಯ ವೈದ್ಯರು ಮತ್ತು ತಂತ್ರಜ್ಞರ ಕೆಲಸ. ಜಾಗ, ಮಂಚ, ಹಣ್ಣಿನ ರಸ, ಬಿಸ್ಕತ್ತು, ಎಲ್ಲಕ್ಕಿಂತ ಹೆಚ್ಚಾಗಿ ಜನ, ಇವುಗಳನ್ನು ಹೊಂದಿಸುವುದು ಸೇವಾಸಂಸ್ಥೆಯ ಕೆಲಸ.

ದಾನಿಯ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ಬೆರಳ ತುದಿಯ ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುವುದು ಒಂದು ಹಳೆಯ ವಿಧಾನ. ಹನಿ ಬೇಗನೆ ಮುಳುಗಿದರೆ ರಕ್ತದಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ಇದೆ ಎಂದರ್ಥ. ಬಳಿಕ 350 ಮಿಲಿಲೀಟರ್ ರಕ್ತವನ್ನು ಸುಮಾರು ಹತ್ತು ನಿಮಿಷದೊಳಗೆ ತೆಗೆಯುತ್ತಾರೆ. ತೂಕ 55 ಕಿಲೋಗಿಂತ ಹೆಚ್ಚಿದ್ದವರಿಂದ 450 ಮಿಲಿಲೀಟರ್ ತೆಗೆಯಬಹುದು. ದೇಹದಲ್ಲಿ ದ್ರವಾಂಶ ಒಂದೆರಡು ದಿನಗಳಲ್ಲೇ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಅದಕ್ಕಾಗಿಯೇ ಗಂಡಸರು 90 ದಿನ, ಹೆಂಗಸರು 120 ದಿನ ಕಳೆದ ಮೇಲೆ ಮತ್ತೆ ಕೊಡಬೇಕೆಂಬ ನಿಯಮ. ಪಡೆದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸಿದ ನಂತರವೇ ರೋಗಿಗೆ ಕೊಡುತ್ತಾರೆ.

ಶಿಬಿರ ಮುಗಿದ ಮರುದಿನ

ಸಂಜೆ ಶಾಮಿಯಾನ ಬಿಚ್ಚುತ್ತಾರೆ. ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಶಾಲು, ಸ್ಮರಣಿಕೆಗಳ ಬಗ್ಗೆ ಕೆಲವರು ತಮಾಷೆ ಮಾಡುವುದುಂಟು, ಅದರಲ್ಲಿ ಸತ್ಯವೂ ಇದೆ. ಆದರೆ ಸಂಸ್ಥೆಯ ನಿಜವಾದ ಪರೀಕ್ಷೆ ಆರಂಭವಾಗುವುದು ಮರುದಿನ.

ಲಯನ್ಸ್, ರೋಟರಿಗಳ ಲೆಕ್ಕದಲ್ಲಿ ವರ್ಷ ಆರಂಭವಾಗುವುದು ಜುಲೈ 1ಕ್ಕೆ. ಪ್ರತಿ ವರ್ಷ ಹೊಸ ಅಧ್ಯಕ್ಷರ ಪದಗ್ರಹಣ ನಡೆಯುತ್ತದೆ. ಅಧಿಕಾರ ಒಬ್ಬರಲ್ಲೇ ನಿಲ್ಲದಿರುವುದು ಒಳ್ಳೆಯದೇ. ಆದರೆ ಹಳೆಯವರು ಮಾಡಿದ್ದನ್ನು ಹೊಸಬರು ಮುಂದುವರಿಸದಿದ್ದರೆ ದುಡಿಮೆ ವ್ಯರ್ಥ. ಆದ್ದರಿಂದ ಒಂದು ಘಟಕದ ಅತಿ ದೊಡ್ಡ ಆಸ್ತಿ ಅದರ ಕಟ್ಟಡವಲ್ಲ, ದಾನಿಗಳ ಹೆಸರು, ರಕ್ತದ ಗುಂಪು, ಹಿಂದೆ ಕೊಟ್ಟ ದಿನಾಂಕ ಬರೆದಿಟ್ಟ ಪಟ್ಟಿ. ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಕೈ ಬದಲಾಯಿಸುತ್ತಾ ಬೆಳೆಯಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ. ವಿದ್ಯಾರ್ಥಿ ದಾನಿಗಳು ಊರಿಗೆ ಹೋಗಿರುತ್ತಾರೆ. ಅದರ ಬೆನ್ನಿಗೇ ಮಳೆಗಾಲ. ಡೆಂಗ್ಯೂ ಮತ್ತು ಇಲಿಜ್ವರದ ಕಾಲ. ಆಗ ಕೆಲವು ರೋಗಿಗಳಿಗೆ ಪ್ಲೇಟ್‌ಲೆಟ್ ಬೇಕಾಗುತ್ತದೆ. ನೆಗೆಟಿವ್ ಗುಂಪಿನ ರಕ್ತ ಯಾವ ಕಾಲದಲ್ಲೂ ವಿರಳ. ಇಂಥ ಹೊತ್ತಿನಲ್ಲಿ ಪಟ್ಟಿ ತೆರೆದು, "ಅಣ್ಣಾ, ಮೂರು ತಿಂಗಳಾಯಿತಲ್ಲ, ನಾಳೆ ಬರುತ್ತೀರಾ?" ಎಂದು ಕೇಳುವ ಕಾರ್ಯದರ್ಶಿಯೇ ನಿಜವಾದ ಸೇವಕ. ಆ ಮಾತಿನ ಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ನೀವೇನು ಮಾಡಬಹುದು?

ನಿಮಗೆ 18 ತುಂಬಿದ್ದು, ಆರೋಗ್ಯವಾಗಿದ್ದರೆ, ಮುಂದಿನ ಶಿಬಿರಕ್ಕೆ ಹೋಗಿ. ಹೊಟ್ಟೆಗೆ ಏನಾದರೂ ತಿಂದು ಹೋಗಿ; ಕಾಯಿಲೆ, ಔಷಧಿಗಳ ಬಗ್ಗೆ ಕೇಳಿದಾಗ ಸತ್ಯವನ್ನೇ ಹೇಳಿ. 18 ತುಂಬಿಲ್ಲವೇ? ನಿಮ್ಮ ಬೀದಿಯ ಹಿರಿಯರ ಹೆಸರುಗಳನ್ನು, ಅವರ ಒಪ್ಪಿಗೆ ಪಡೆದು, ಊರಿನ ಸಂಸ್ಥೆಯ ಪಟ್ಟಿಗೆ ಸೇರಿಸಿಕೊಡಿ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಶಾಲೆಯಲ್ಲಿ ಆ ವಿಷಯ ಮಾತನಾಡಿ.

ಈಗ ಮತ್ತೆ ಆ ರಾತ್ರಿಗೆ ಬರೋಣ. ಆಂಬುಲೆನ್ಸ್ ಪರ್ಕಳ ದಾಟುವಾಗ ಪೇಟೆಯ ಅಂಗಡಿಗಳೆಲ್ಲ ಮುಚ್ಚಿವೆ. ಆದರೆ ಕಳೆದ ಭಾನುವಾರ ಈ ಊರಿನ ಮೂವರು ತೋಳು ಚಾಚಿದ್ದರೆ, ಅವಳಿಗೆ ಬೇಕಾದ ರಕ್ತ ಅವಳಿಗಿಂತ ಮೊದಲೇ ಆಸ್ಪತ್ರೆ ಸೇರಿರುತ್ತದೆ. ಕೊಟ್ಟವರು ಯಾರೆಂದು ಅವಳಿಗೆ ತಿಳಿಯುವುದಿಲ್ಲ. ಪಡೆದವಳು ಯಾರೆಂದು ಅವರಿಗೂ ತಿಳಿಯುವುದಿಲ್ಲ. ಆ ಮೂವರಲ್ಲಿ ಒಬ್ಬರು ನೀವಾಗಬಹುದಲ್ಲವೇ?